ಅಕ್ಕನ ಹೊಟ್ಟೆ ತೊಳೆದ ಬೇಸಿಗೆ

ಮಾತ್ರೆಗಳು ಕೆಂಪಗಿದ್ದವು ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅಕ್ಕ, ಇಲ್ಲ, ಕಂದು ಬಣ್ಣ ಎನ್ನುತ್ತಾಳೆ. ಕಾಗದದ ಪೊಟ್ಟಣದಲ್ಲಿದ್ದವೋ ಸಣ್ಣ ಬಾಟಲಿಯಲ್ಲಿದ್ದವೋ, ಅದೂ ನನಗೆ ಈಗ ಖಚಿತವಿಲ್ಲ. ವರ್ಷ ಎಪ್ಪತ್ತಾರು ಇರಬೇಕು. ನನ್ನ ಡೈರಿಯ ರಟ್ಟಿನ ಮೇಲೆ ಎಪ್ಪತ್ತೈದು ಎಂದಿದೆ. ಅದು ಯಾರೋ ಬಿಟ್ಟಿ ಕೊಟ್ಟ ಹಳೆಯ ಡೈರಿ, ವಾರಗಳನ್ನು ನಾನೇ ತಿದ್ದಿಕೊಂಡು ಬರೆಯುತ್ತಿದ್ದೆ. ಹಾಗಾಗಿ ಕೆಲವು ದಿನಗಳು ಹಿಂದುಮುಂದಾಗಿರಬಹುದು. ಇದನ್ನೆಲ್ಲ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ನಮ್ಮ ಕಡೆಯವರೇ ಯಾರಾದರೂ ಇದನ್ನು ಓದಿ, ಮಾತ್ರೆಯ ಬಣ್ಣವೇ ನೆನಪಿಲ್ಲದವಳು ಉಳಿದದ್ದನ್ನು ಹೇಗೆ ನೆನಪಿಟ್ಟುಕೊಂಡಾಳು ಎಂದು ಪುಸ್ತಕ ಮುಚ್ಚಿಬಿಡುತ್ತಾರೆ. ಬಣ್ಣ ನೆನಪಿಲ್ಲ, ನಿಜ. ಅವುಗಳನ್ನು ಬಚ್ಚಲೊಲೆಗೆ ಸುರಿದದ್ದು ನೆನಪಿದೆ. ಸುರಿದ ಕೈ ಯಾರದೆಂಬುದೂ ನೆನಪಿದೆ.

ನಮ್ಮ ಮನೆ ತೀರ್ಥಹಳ್ಳಿಯಿಂದಾಚೆ ಮೇಳಿಗೆಯ ಹತ್ತಿರ. ಅಪ್ಪಯ್ಯ ತೀರಿಕೊಂಡ ಮೇಲೆ ಚಿಕ್ಕಪ್ಪನೇ ಯಜಮಾನರು. ಚಿಕ್ಕಮ್ಮ ಬಹಳ ಹಿಂದೆಯೇ ಹೋಗಿದ್ದರು, ಮಕ್ಕಳಿರಲಿಲ್ಲ. ಮನೆಯಲ್ಲಿ ಅವರು, ಅಮ್ಮ, ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ, ರಜೆಯಲ್ಲಿ ನಾನು. ಚಿಕ್ಕಪ್ಪನನ್ನು ಕೆಟ್ಟವರೆಂದು ಬರೆದರೆ ಕೆಲಸ ಸಲೀಸಾಗುತ್ತಿತ್ತು. ಆದರೆ ನನ್ನನ್ನು ಮೈಸೂರಿಗೆ ಕಳಿಸಿ ಎಂ.ಎ. ಓದಿಸಿದವರೂ ಅವರೇ. ಊರವರು ಹುಡುಗಿಯನ್ನು ಅಷ್ಟು ದೂರ ಯಾಕೆ ಎಂದಾಗ, ಅವಳ ತಲೆ ಅವಳ ಹತ್ತಿರ ಇದೆ, ನಿಮ್ಮ ತಲೆ ನೀವು ನೋಡಿಕೊಳ್ಳಿ ಎಂದು ಬಾಯಿ ಮುಚ್ಚಿಸಿದ್ದರು. ಅಂಥವರು ಅಕ್ಕನಿಗೆ ಹಾಗೆ ಮಾಡಿದರು ಎನ್ನುವುದೇ ನನ್ನ ಸಿಟ್ಟಿನ ಬುಡ.

ಹೊಟ್ಟೆ ತೊಳೆಯುವುದು ನಮ್ಮಲ್ಲಿ ಹೊಸದೇನೂ ಅಲ್ಲ. ವರ್ಷಕ್ಕೊಂದು ದಿನ, ಮಳೆ ಹಿಡಿಯುವ ಮೊದಲು, ಶುಂಠಿ ಕಷಾಯದ ಜೊತೆ ಹರಳೆಣ್ಣೆ ಕುಡಿಸುತ್ತಿದ್ದರು. ಮೂಗು ಹಿಡಿದುಕೊಂಡು ಕುಡಿದು ಮಧ್ಯಾಹ್ನದವರೆಗೆ ಮನೆಗೂ ಹಿತ್ತಲಾಚೆಯ ಹಕ್ಕಲಿಗೂ ಓಡಾಡಿ, ಕೊನೆಗೆ ಮಜ್ಜಿಗೆ ಅನ್ನ ಉಂಡು ಮಲಗಿದರೆ ಮುಗಿಯಿತು. ಆದರೆ ಅದಕ್ಕೊಂದು ಲೆಕ್ಕಾಚಾರವಿತ್ತು. ಎಣ್ಣೆ ಕಾಯಿಸುವ ಮೊದಲು, ಆಗಿನ್ನೂ ಬದುಕಿದ್ದ ಅಜ್ಜಿ ಒಬ್ಬೊಬ್ಬರನ್ನೇ ಅಂಗಳದ ಬೆಳಕಿಗೆ ನಿಲ್ಲಿಸಿ ಮುಖ ನೋಡುತ್ತಿದ್ದರು. ಜ್ವರದಿಂದ ಎದ್ದವರಿಗಿಲ್ಲ, ಮುಟ್ಟಾದವರಿಗಿಲ್ಲ, ಬಾಣಂತಿಗಂತೂ ಇಲ್ಲವೇ ಇಲ್ಲ. ಅಕ್ಕನನ್ನು ಎಷ್ಟೋ ವರ್ಷ "ಇವಳಿಗೆ ಬ್ಯಾಡ, ಮುಖ ಬಿಳಿಚಿಕೊಂಡದೆ" ಎಂದು ಪಕ್ಕಕ್ಕೆ ಕಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಅದಕ್ಕೇ ನೆನಪಿದೆ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಚಿಕ್ಕಪ್ಪ ಹತ್ತಿದವರು. ಅಜ್ಜಿಗೆ ಮುಖ ನೋಡಬೇಕೆಂದು ಗೊತ್ತಿತ್ತು, ಚಿಕ್ಕಪ್ಪನಿಗೆ ಪುಸ್ತಕ ನೋಡಬೇಕೆಂದು ಗೊತ್ತಿತ್ತು.

ಆ ಪುಸ್ತಕ ಬಂದದ್ದು ಸಾಗರದಿಂದ. ಅಲ್ಲಿ ಹತ್ತು ದಿನದ ಪ್ರಕೃತಿ ಚಿಕಿತ್ಸೆಯ ಶಿಬಿರವೊಂದು ನಡೆದಿತ್ತು. ಹೊಟ್ಟೆಯುಬ್ಬರದ ಕಾಟಕ್ಕೆಂದು ಹೋದ ಚಿಕ್ಕಪ್ಪ ಮೈ ಇಳಿದು, ಕಣ್ಣಲ್ಲಿ ಹೊಳಪು ತುಂಬಿಕೊಂಡು ಬಂದಿಳಿದರಂತೆ. ನಾನಾಗ ಮೈಸೂರಿನಲ್ಲಿದ್ದೆ. ಇದನ್ನು ಅಮ್ಮ ಹೇಳಿದ್ದು, ಅಮ್ಮ ಹೇಳುವಾಗ ನಗುತ್ತಿದ್ದಳು, ಆದ್ದರಿಂದ ಸ್ವಲ್ಪ ಸೇರಿಸಿಯೂ ಇರಬಹುದು.

"ಅತ್ತಿಗೆ, ನಾಳೆಯಿಂದ ಈ ಮನೆಗೆ ಕಾಫಿ ಪುಡಿ ಬರೋ ಹಂಗಿಲ್ಲ" ಎಂದರಂತೆ ಚಿಕ್ಕಪ್ಪ, ಚಪ್ಪಲಿ ಬಿಡುವ ಮೊದಲೇ.

"ಬೆಳಿಗ್ಗೆ ಎದ್ದು ಎಂತ ಕುಡಿಯೋದು ಮತ್ತೆ?"

"ಬಿಸಿನೀರು."

"ಎಮ್ಮೆಗೆ ಹೆಂಗೂ ಕಾಯಿಸ್ತೀನಲ್ಲ. ಅದ್ರಾಗೇ ನಿಮಗೂ ಒಂದು ಲೋಟ ತೆಗೆದಿಡ್ತೀನಿ ಬಿಡಿ."

ಕಾಫಿ ಪುಡಿಯ ಹಿಂದೆಯೇ ಸಕ್ಕರೆ ಹೋಯಿತು. ಡಾಲ್ಡಾ ಹೋಯಿತು, ಮೈದಾ ಹೋಯಿತು. ಸೋಪು ಹೋಗಿ ಸೀಗೆಪುಡಿ ಮತ್ತು ಮತ್ತಿಸೊಪ್ಪಿನ ಲೋಳೆ ಬಂದವು, ಪೇಸ್ಟು ಹೋಗಿ ಉಮಿಕರಿ ಬಂತು. ಮೀನು, ಮೊಟ್ಟೆಗಳೂ ಅಡಿಗೆಮನೆ ಬಿಟ್ಟವು. ಎಲ್ಲಕ್ಕೂ ಚಿಕ್ಕಪ್ಪನ ಬಾಯಲ್ಲಿ ಒಂದೇ ಮಾತು, ಕೃತಕ. ಬೇಡವೆನ್ನಲು ಅವರಿಗೆ ಒಂದು ಮಾತು ಸಾಕಾಗುತ್ತಿತ್ತು. ಬೇಕಾದದ್ದನ್ನು ಒದಗಿಸಲು ಅಮ್ಮ ಮತ್ತು ಅಕ್ಕ ಬೆಳಗಿನಿಂದ ಸಂಜೆಯವರೆಗೆ ಕುಟ್ಟಬೇಕಿತ್ತು, ಬೀಸಬೇಕಿತ್ತು, ಸೋಸಬೇಕಿತ್ತು. ಪ್ರಕೃತಿಗೆ ಮರಳುವುದೆಂದರೆ ಅಕ್ಕ ಒರಳಿಗೆ ಮರಳುವುದು ಎಂದು ಆಗ ನನಗೆ ಹೊಳೆಯಲಿಲ್ಲ. ಹೊಳೆಯದಿರಲು ಕಾರಣವಿದೆ. ಆ ಮಾತಿನಲ್ಲಿ ನನ್ನ ಪಾಲೂ ಇತ್ತು. ಹಿಂದಿನ ವರ್ಷ ಹಾಸ್ಟೆಲಿನಿಂದ ಮನೆಗೊಂದು ದೊಡ್ಡ ಕಾಗದ ಬರೆದಿದ್ದೆ. ಪೇಟೆಯ ಸಿಹಿತಿಂಡಿಗೆ ಹಾಕುವ ಬಣ್ಣ, ಡಾಲ್ಡಾ, ರಾಸಾಯನಿಕ, ಇವುಗಳ ಬಗ್ಗೆ ಎಲ್ಲೋ ಭಾಷಣ ಕೇಳಿ ಬಂದ ಬಿಸಿಯಲ್ಲಿ ಬರೆದದ್ದು. ಓದಿದ ಹುಡುಗಿ ಬರೆದಿದ್ದಾಳೆಂದು ಚಿಕ್ಕಪ್ಪ ಆ ಕಾಗದವನ್ನು ಮಡಿಸಿ ಪುಸ್ತಕದೊಳಗಿಟ್ಟಿದ್ದರು.

ಪುಸ್ತಕದ ಪಥ್ಯ ಮನೆಯ ಗೇಟಿನವರೆಗೆ ಮಾತ್ರ. ತೀರ್ಥಹಳ್ಳಿ ಬಸ್‌ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಒಮ್ಮೆ ಅವರನ್ನು ಕಂಡೆ. ಮುಂದೆ ಗೋಳಿಬಜೆಯ ತಟ್ಟೆ, ಕೈಯಲ್ಲಿ ಕಾಫಿ. ನನ್ನನ್ನು ನೋಡಿ ಮುಜುಗರಪಡಲೂ ಇಲ್ಲ.

"ವ್ಯವಹಾರಕ್ಕೆ ಬಂದಾಗ ನಾಲ್ಕು ಜನರ ಜೊತೆ ಕೂತ್ಕೊಬೇಕಲ್ಲ. ಇದು ವ್ಯವಹಾರದ ಕಾಫಿ ಕಣೆ" ಎಂದರು. "ನೀನೂ ಒಂದು ಕುಡಿ."

ನಾನೂ ಕುಡಿದೆ. ಮನೆಗೆ ಬಂದು ಅಮ್ಮನಿಗೆ ಹೇಳಲಿಲ್ಲ.

ಶಿವರಾತ್ರಿಗೆ ಊರಿಗೆ ಬಂದಾಗ ಗದ್ದೆಯಂಚಿನಲ್ಲಿ ಆಲೆಮನೆ ನಡೆಯುತ್ತಿತ್ತು. ನಮ್ಮದು ಅಚ್ಚು ಕಟ್ಟದ ಜೋನಿ ಬೆಲ್ಲ, ಡಬ್ಬಿಗಳಲ್ಲಿ ತುಂಬಿ ಪೇಟೆಗೆ ಹೋಗುವಂಥದ್ದು. ಕಬ್ಬಿನ ಹಾಲು ಕುದಿಯುವಾಗ ಬೆಂಡೆಗಿಡದ ಲೋಳೆ ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಜಾಲಿಸಿ ತೆಗೆಯುತ್ತಾರೆ. ಹಾಗೆ ಮಾಡಿದ ಬೆಲ್ಲ ಕಾಫಿ ಡಿಕಾಕ್ಷನ್ನಿನಂತೆ ಕಪ್ಪು. ಮೊದಲ ಕೊಪ್ಪರಿಗೆ ಹಾಗೇ ಆಯಿತು, ಅದನ್ನು ಮನೆಯ ಭರಣಿಗೆ ತುಂಬಿಸಿದರು. ಎರಡನೆಯ ಕೊಪ್ಪರಿಗೆ ಏರಿದಾಗ ಚಿಕ್ಕಪ್ಪ ಮೂಲೆಯಿಂದ ಒಂದು ತಗಡಿನ ಡಬ್ಬ ತಂದು, ಬಿಳಿ ಪುಡಿಯನ್ನು ಬೊಗಸೆಯಲ್ಲಿ ತೆಗೆದು ಉದುರಿಸಿದರು. ಮೂಗು ಕಟ್ಟುವ ಗಂಧಕದ ವಾಸನೆ ಎದ್ದಿತು. ನೋಡುತ್ತಿದ್ದಂತೆ ಪಾಕ ಜೇನಿನ ಬಣ್ಣಕ್ಕೆ ತಿರುಗಿತು.

"ಇದೆಂತದು ಚಿಕ್ಕಪ್ಪಯ್ಯ?"

"ಬಣ್ಣಕ್ಕೆ. ಕಪ್ಪು ಬೆಲ್ಲ ಮಂಡಿಯಲ್ಲಿ ಯಾರೂ ಮೂಸಿ ನೋಡಲ್ಲ."

"ಕೃತಕ ಅಲ್ದಾ ಇದು?"

ಚಿಕ್ಕಪ್ಪ ನನ್ನ ಕಡೆ ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸಿಟ್ಟಿರಲಿಲ್ಲ. ಇಷ್ಟೂ ಅರ್ಥವಾಗುವುದಿಲ್ಲವಲ್ಲ ಎಂಬ ಕನಿಕರವಿತ್ತು.

"ಇದು ನಾವು ತಿನ್ನೋದಲ್ಲವಲ್ಲ ಕಣೆ."

ಮೈಸೂರಿನಿಂದ ಪೇಟೆಯ ಬಣ್ಣದ ಬಗ್ಗೆ ಹಾಳೆಗಟ್ಟಲೆ ಬರೆದವಳು ನಾನು. ಆ ಬಣ್ಣ ನಮ್ಮ ಆಲೆಮನೆಯ ಮೂಲೆಯಲ್ಲಿತ್ತು. ಆ ಬೆಲ್ಲ ಮಾರಿದ ದುಡ್ಡಿನಲ್ಲಿ ಹಾಸ್ಟೆಲಿನ ಫೀಸು ಕಟ್ಟಿಸಿಕೊಂಡವಳೂ ನಾನೇ. ಅವತ್ತಿನ ಡೈರಿಯಲ್ಲಿ ಕಬ್ಬಿನ ಹಾಲು ಕುಡಿದು ಹೊಟ್ಟೆ ಕೆಟ್ಟಿತು ಎಂದಷ್ಟೇ ಇದೆ.

ಯುಗಾದಿ ಕಳೆದ ಮೇಲೆ ಅಕ್ಕನಿಗೆ ಕೆಲಸದ ಆದೇಶ ಬಂತು. ಶಿಕ್ಷಕರ ತರಬೇತಿ ಮುಗಿಸಿ ಎರಡು ವರ್ಷದಿಂದ ಅವಳು ಅರ್ಜಿ ಹಾಕುತ್ತಿದ್ದಳು. ಹೊಸನಗರ ತಾಲ್ಲೂಕಿನ ನಿಟ್ಟೂರಿನ ಹತ್ತಿರ ಒಂದು ಪ್ರಾಥಮಿಕ ಶಾಲೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನ ಹಾಜರಾಗಬೇಕು, ಜೊತೆಗೆ ಸರ್ಕಾರಿ ಡಾಕ್ಟರ ಸಹಿಯಿರುವ ಆರೋಗ್ಯದ ಸರ್ಟಿಫಿಕೇಟು ಬೇಕು. ನಾನು ಪರೀಕ್ಷೆ ಮುಗಿಸಿ ಮನೆಗೆ ಬಂದಾಗ ಅಕ್ಕ ಆಗಲೇ ನಿಟ್ಟೂರಿನಲ್ಲಿ ಬಾಡಿಗೆಗೆ ಒಂದು ಕೋಣೆ ವಿಚಾರಿಸಿಯಾಗಿತ್ತು. ಆ ಕೋಣೆಗೆಂದು ಒಂದು ಬೀಗ ಕೊಂಡಿದ್ದಳು. ಹಾಸಿಗೆಯಲ್ಲ, ಪಾತ್ರೆಯಲ್ಲ, ಮೊದಲು ಬೀಗ.

"ನಮ್ಮನೇಲಿ ಯಾವ ಬಾಗಿಲಿಗೂ ಬೀಗ ಹಾಕಲ್ಲ ನೋಡು, ಹಾಕಿ ತೆಗೆಯೋದು ಹೆಂಗಿರ್ತದೆ ಅಂತ" ಎಂದು ನಕ್ಕಳು.

ಅಕ್ಕ ಹಾಗೆ ಏನನ್ನಾದರೂ ತನಗೆಂದು ಬಯಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ತೀರ್ಥಹಳ್ಳಿಯ ಆಸ್ಪತ್ರೆಗೆ ನಾವಿಬ್ಬರೂ ಹೋದೆವು. ಡಾಕ್ಟರಮ್ಮ ಅಕ್ಕನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು.

"ರಕ್ತ ತುಂಬ ಕಡಿಮೆ ಇದೆಯಲ್ಲಮ್ಮ. ಗುಡ್ಡ ಹತ್ತುವಾಗ ಏದುಸಿರು ಬರೋದಿಲ್ವಾ?"

"ಬರ್ತದೆ. ಎಲ್ರಿಗೂ ಬರ್ತದಲ್ಲ" ಎಂದಳು ಅಕ್ಕ.

ಎಲ್ಲರಿಗೂ ಬರುತ್ತಿರಲಿಲ್ಲ. ಶಾಲೆಯಿಂದ ಕವಲೇದುರ್ಗಕ್ಕೆ ಹೋದಾಗ ಅರ್ಧ ದಾರಿಯಲ್ಲಿ ಕೂತವಳು ಅವಳೊಬ್ಬಳೇ. ಡಾಕ್ಟರಮ್ಮ ಕಬ್ಬಿಣದ ಮಾತ್ರೆಗಳನ್ನು ಕೊಟ್ಟು, ತಪ್ಪದೆ ನುಂಗಿ ಐದು ವಾರ ಬಿಟ್ಟು ಬಾ, ಆಗ ಸಹಿ ಹಾಕುತ್ತೇನೆ ಎಂದರು. ಮಾತ್ರೆ ತೆಗೆದುಕೊಳ್ಳುವಾಗ ಮಲ ಕಪ್ಪಾಗುತ್ತದೆ, ಹೆದರಬೇಡ ಎಂದೂ ಹೇಳಿದರೇ? ಹೇಳಿರಬೇಕು. ಆಮೇಲೆ ನನಗೆ ಗೊತ್ತಾದ ಪ್ರಕಾರ ಎಲ್ಲ ಡಾಕ್ಟರರೂ ಹೇಳುತ್ತಾರೆ. ನಾವು ಕೇಳಿಸಿಕೊಳ್ಳಲಿಲ್ಲವೋ, ಅಕ್ಕ ಕೇಳಿಸಿಕೊಂಡೂ ನಾಚಿಕೆಯಿಂದ ಮರೆತಳೋ ತಿಳಿಯದು. ಈ ಒಂದು ವಾಕ್ಯಕ್ಕಾಗಿ ನಾನು ನೆನಪನ್ನು ಎಷ್ಟು ಸಲ ಜಾಲಾಡಿದ್ದೇನೋ. ಸಿಗುವುದಿಲ್ಲ.

ವಾರವೊಂದು ಕಳೆದಿರಬೇಕು. ಅಕ್ಕ ಹೆದರಿ ಅಮ್ಮನ ಕಿವಿಯಲ್ಲಿ ಹೇಳಿದಳು. ಅಮ್ಮ ಅವಳಿಗಿಂತ ಹೆದರಿ ಚಿಕ್ಕಪ್ಪನಿಗೆ ಹೇಳಿದಳು. ಜಗಲಿಯಲ್ಲಿ ನಾನು ಹಲಸಿನ ಹಪ್ಪಳ ಒತ್ತುತ್ತಿದ್ದೆ. ಚಿಕ್ಕಪ್ಪ ಎದ್ದು ಬಂದು ಅಕ್ಕನೆದುರು ನಿಂತರು.

"ಕಪ್ಪಗೆ ಅಂದ್ರೆ ಹೆಂಗೆ? ಇದ್ದಿಲು ಹಂಗಾ?"

ಅಕ್ಕ ತಲೆ ತಗ್ಗಿಸಿ ಹೌದೆಂದಳು. ಇಪ್ಪತ್ತನಾಲ್ಕು ವರ್ಷದ, ನಾಳೆ ಮಕ್ಕಳಿಗೆ ಪಾಠ ಹೇಳಬೇಕಾದ ಹೆಂಗಸು ಚಿಕ್ಕಪ್ಪನೆದುರು ತನ್ನ ಮಲದ ಬಣ್ಣ ಹೇಳುತ್ತ ನಿಂತಿದ್ದಳು.

"ನೋಡಿದ್ರಾ ಅತ್ತಿಗೆ? ಕರುಳು ಸುಡ್ತಾ ಅದೆ. ಒಳಗೆ ಸುಟ್ಟಿದ್ದು ಹೊರಗೆ ಕಪ್ಪಾಗಿ ಬರ್ತಾ ಅದೆ. ಇದನ್ನೇ ಶಿಬಿರದಾಗೆ ಹೇಳಿದ್ದು."

"ಡಾಕ್ಟರಮ್ಮ ಐದು ವಾರ ಅಂತ..." ಎಂದಳು ಅಕ್ಕ.

"ಡಾಕ್ಟರಮ್ಮ ಹೇಳ್ತಾಳೆ. ಹೊಟ್ಟೆ ಅವಳದ್ದಲ್ಲವಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನೀನೇ ಹೇಳು. ರಾಸಾಯನಿಕ ಮೈಗೆ ವಿಷ ಅಂತ ಮೈಸೂರಿಂದ ಬರೆದವಳು ನೀನೇ ಅಲ್ದಾ?"

ಡಾಕ್ಟರನ್ನು ಕೇಳಿಕೊಂಡು ಬರೋಣ ಚಿಕ್ಕಪ್ಪಯ್ಯ ಎಂದು ನಾನು ಹೇಳಿದೆ ಎಂಬುದು ನನ್ನ ನೆನಪು. ಇದನ್ನು ಬಹಳ ಜನರಿಗೆ ಹೇಳಿದ್ದೇನೆ ಕೂಡ. ಕೆಲವು ವರ್ಷಗಳ ಹಿಂದೆ ಅಕ್ಕನೆದುರು ಹೇಳಿದಾಗ ಅವಳು, "ನೀನು ಹಂಗೆಲ್ಲ ಎಂತ ಹೇಳ್ಲಿಲ್ಲ ಮಾರಾಯ್ತಿ. ಬರೆದಿದ್ದು ಹೌದು ಅಂದೆ, ಹಪ್ಪಳ ಒತ್ತಿದೆ" ಎಂದಳು. ಡೈರಿ ತೆಗೆದು ನೋಡಿದೆ. ಆ ದಿನದ ಕೆಳಗೆ ಎರಡೇ ಸಾಲು. "ಅಕ್ಕನಿಗೆ ನಾಳೆಯಿಂದ ಶುದ್ಧಿ. ಹಪ್ಪಳ ಅರ್ಧ ಒಣಗಿದೆ, ಮೋಡ ಕಟ್ಟಿದೆ." ಅಕ್ಕನ ನೆನಪೇ ಸರಿ ಇರಬೇಕು.

ಚಿಕ್ಕಪ್ಪ ಮಾತ್ರೆಗಳನ್ನು ಬಚ್ಚಲೊಲೆಗೆ ಸುರಿದರು. ಮರುದಿನ ಬೆಳಿಗ್ಗೆ ಹರಳೆಣ್ಣೆ. ಅಜ್ಜಿ ಬದುಕಿದ್ದರೆ ಅಂಗಳಕ್ಕೆ ನಿಲ್ಲಿಸಿ ಮುಖ ನೋಡುತ್ತಿದ್ದರು. ಪುಸ್ತಕದಲ್ಲಿ ಮುಖ ನೋಡಬೇಕೆಂದು ಬರೆದಿರಲಿಲ್ಲ. ಆಮೇಲೆ ಮೂರು ದಿನ ಬೂದುಗುಂಬಳದ ರಸ ಬಿಟ್ಟು ಬೇರೇನೂ ಇಲ್ಲ. ಅಟ್ಟದಲ್ಲಿ ಹಗ್ಗ ಕಟ್ಟಿ ಇಳಿಬಿಟ್ಟಿದ್ದ ಕಾಯಿಗಳನ್ನು ಇಳಿಸಿ, ಹೆಚ್ಚಿ, ತುರಿದು, ಹಿಂಡಬೇಕು. ಹಿಂಡುತ್ತಿದ್ದವಳೂ ಅಕ್ಕನೇ. ಮೂರು ದಿನದ ಮೇಲೆ ಗಂಜಿಯ ತಿಳಿ, ಬೇಯಿಸಿದ ಸೊಪ್ಪು, ಉಪ್ಪಿಲ್ಲ. ವಾರ ತುಂಬಿದಾಗ ಮತ್ತೆ ಎಣ್ಣೆ. ಹೀಗೆ ನಾಲ್ಕು ವಾರ.

ಮಾತ್ರೆ ನಿಂತ ಮೇಲೆ ಕಪ್ಪು ನಿಂತಿತು. ನಿಲ್ಲಲೇಬೇಕಲ್ಲ. ಆದರೆ ನಮ್ಮ ಮನೆಯಲ್ಲಿ ಅದೇ ಸಾಕ್ಷಿಯಾಯಿತು. ಚಿಕ್ಕಪ್ಪ ಮನೆಗೆ ಬಂದವರಿಗೆಲ್ಲ, ನಮ್ಮ ಹುಡುಗಿಯ ಮೈಯೊಳಗಿನ ವಿಷ ಪೂರ್ತಿ ಹೋಯಿತು ಎಂದು ಹೇಳತೊಡಗಿದರು. ಬಂದವರು ಅಕ್ಕನನ್ನೇ ಕೇಳುತ್ತಿದ್ದರು. "ಹೌದು, ನಾನೇ ಮಾಡ್ಕೊಳ್ತಾ ಇದೀನಿ. ಹಗುರ ಆಗ್ತದೆ" ಎನ್ನುತ್ತಿದ್ದಳು. ಈ ನಾನೇ ಎನ್ನುವ ಮಾತು ನನ್ನನ್ನು ಬಹಳ ಕಾಲ ಸಮಾಧಾನಪಡಿಸಿತ್ತು. ಅವಳೇ ಆರಿಸಿಕೊಂಡದ್ದು, ನಾವೇನು ಮಾಡುವುದು ಎಂದುಕೊಂಡೆ. ಎಣ್ಣೆಯ ಲೋಟ ಒಂದೇ ಇತ್ತು. ಅದನ್ನು ಕುಡಿಯಲು ಅವಳು ಒಪ್ಪಿದಳು, ಅಷ್ಟೇ. ಎದುರಿಗೆ ಎರಡು ಲೋಟವಿಟ್ಟು ಯಾವುದು ಬೇಕು ಎಂದು ನಾವು ಯಾರೂ ಕೇಳಿರಲಿಲ್ಲ.

ಎರಡನೆಯ ವಾರ ಅಕ್ಕ ಒರಳಿನ ಮುಂದೆಯೇ ಒರಗಿ ಬಿದ್ದಳು. ನೀರು ಚಿಮುಕಿಸಿ ಎಬ್ಬಿಸಿದೆವು. ವಿಷ ಹೊರಗೆ ಬರುವಾಗ ಹೀಗಾಗುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತು. ಬಿದ್ದರೂ ಗುಣ, ಎದ್ದರೂ ಗುಣ, ಅಂಥ ಪುಸ್ತಕ. ಆ ಸಂಜೆ ಅಮ್ಮ ಅಕ್ಕನನ್ನು ಸೌದೆ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಸೆರಗಿನ ಮರೆಯಲ್ಲಿ ತಂದ ಅನ್ನಕ್ಕೆ ಒಣಸಿಗಡಿ ಚಟ್ನಿ ಕಲಸಿ ತಿನ್ನಿಸಿದ್ದನ್ನು ನೋಡಿದೆ. ಸಿಗಡಿಯನ್ನು ಎಲ್ಲಿ ಬಚ್ಚಿಟ್ಟಿದ್ದಳೋ. ಆದರೆ ವಾಸನೆ ಅಡಗಲಿಲ್ಲ.

"ಅತ್ತಿಗೆ, ಅವಳ ಒಳ್ಳೇದು ನಿಮಗೆ ಬ್ಯಾಡ್ವಾ?" ಎಂದು ಚಿಕ್ಕಪ್ಪ ಜಗಲಿಯಿಂದಲೇ ಕೇಳಿದರು.

"ಹಸಿದವಳು ತಿಂದ್ಲು. ಹಸಿವೂ ಕೃತಕ ಅಂದ್ರೆ ನಾ ಎಂತ ಮಾಡ್ಲಿ?" ಎಂದಳು ಅಮ್ಮ.

ನಮ್ಮ ಮನೆಯಲ್ಲಿ ಆ ಬೇಸಿಗೆ ಯಾರಾದರೂ ಹೇಳಿದ ಸರಿಯಾದ ಮಾತು ಅದೊಂದೇ. ಹೇಳಿದವಳು ಎಂ.ಎ. ಓದಿದವಳಲ್ಲ. ಆದರೆ ಮರುದಿನದಿಂದ ಅಮ್ಮನೂ ಸುಮ್ಮನಾದಳು.

ಶಾಲೆ ತೆರೆಯಲು ನಾಲ್ಕು ದಿನವಿದ್ದಾಗ ಮತ್ತೆ ಆಸ್ಪತ್ರೆಗೆ ಹೋದೆವು. ಬಸ್ಸಿನಿಂದ ಇಳಿದು ಏರು ಹತ್ತುವಾಗ ಅಕ್ಕ ಎರಡು ಕಡೆ ನಿಂತಳು. ಡಾಕ್ಟರಮ್ಮ ಮತ್ತೆ ರೆಪ್ಪೆ ಎಳೆದು ನೋಡಿದರು. ಮತ್ತೆ ರಕ್ತ ಪರೀಕ್ಷೆಗೆ ಕಳಿಸಿದರು. ಚೀಟಿ ಬಂದ ಮೇಲೆ ಕೇಳಿದರು.

"ಮಾತ್ರೆ ನುಂಗಿದ್ಯಾಮ್ಮ?"

"ನುಂಗಿದೆ" ಎಂದಳು ಅಕ್ಕ.

"ಎಲ್ಲ?"

"ಎಲ್ಲಾ."

ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಡಾಕ್ಟರಮ್ಮ ನನ್ನ ಮುಖವನ್ನೂ ಒಮ್ಮೆ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ.

"ಅಷ್ಟು ಮಾತ್ರೆ ನುಂಗಿಯೂ ರಕ್ತ ಮೊದಲಿಗಿಂತ ಕಡಿಮೆಯಾಗಿದೆ ಅಂದ್ರೆ ಇದು ಬೇರೆ ಏನೋ ಇದೆ. ಶಿವಮೊಗ್ಗಕ್ಕೆ ಹೋಗಿ ತೋರಿಸ್ಬೇಕು. ಕಾರಣ ಗೊತ್ತಾಗೋವರೆಗೆ ನಾನು ಸಹಿ ಹಾಕೋ ಹಾಗಿಲ್ಲ" ಎಂದರು ಅವರು. ಬೇಸರದಿಂದಲೇ ಹೇಳಿದರು. ನುಂಗಲಿಲ್ಲ ಎಂದಿದ್ದರೆ ಬೈದು, ಮತ್ತೆ ಮಾತ್ರೆ ಕೊಟ್ಟು, ಹಾಜರಾಗಲು ಇನ್ನಷ್ಟು ದಿನ ಕೊಡಿ ಎಂದು ಒಂದು ಸಾಲು ಬರೆದುಕೊಡುತ್ತಿದ್ದರೇನೋ. ನುಂಗಿದೆ ಎಂದದ್ದರಿಂದ ಅಕ್ಕ ರೋಗಿಯಾದಳು.

ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ, ಯಾಕೆ ಸುಳ್ಳು ಹೇಳಿದೆ ಎಂದು.

"ಮತ್ತೆಂತ ಹೇಳ್ಲಿ? ಚಿಕ್ಕಪ್ಪಯ್ಯ ಒಲೆಗೆ ಹಾಕಿದ್ರು ಅಂತ ಹೇಳ್ಲಾ? ಆಸ್ಪತ್ರೆಯಾಗೆ ನಮ್ಮ ಕಡೆಯವರು ಎಷ್ಟು ಜನ ಕೂತಿದ್ರು ನೋಡಿದ್ಯಾ? ಮನೆ ಮರ್ಯಾದೆ ಎಂತ ಆಗ್ತದೆ?"

ಬಸ್ಸು ಇನ್ನೂ ಹೊರಟಿರಲಿಲ್ಲ. ಕಂಡಕ್ಟರು ಹೊರಗೆ ನಿಂತು ಬೀಡಿ ಸೇದುತ್ತಿದ್ದ. ನಾನು ಇಳಿದು ಓಡಿಹೋಗಿ ಆ ಒಂದು ವಾಕ್ಯ ಹೇಳಿ ಬರಬಹುದಿತ್ತು. ಮರ್ಯಾದೆ ಹೋಗುತ್ತಿತ್ತು, ಹೋಗಲಿ, ಯಾರ ಮರ್ಯಾದೆ? ವ್ಯವಹಾರದ ಕಾಫಿ ಕುಡಿಯುವವರದು. ಇಳಿಯಲಿಲ್ಲ. ಚಿಕ್ಕಪ್ಪನ ಮೇಲೆ ಇಷ್ಟು ಸಿಟ್ಟಿಟ್ಟುಕೊಂಡಿರುವುದರಲ್ಲಿ ಆ ಸೀಟಿನಲ್ಲಿ ಕೂತೇ ಇದ್ದ ನನ್ನ ಮೇಲಿನ ಸಿಟ್ಟು ಎಷ್ಟು ಸೇರಿದೆಯೋ, ಬೇರ್ಪಡಿಸಲು ನನಗೆ ಇನ್ನೂ ಬಂದಿಲ್ಲ.

ಮನೆಯಲ್ಲಿ ಚಿಕ್ಕಪ್ಪ ವಿಷಯ ಕೇಳಿ, "ಶಿವಮೊಗ್ಗ ಎಂತಕ್ಕೆ? ಇನ್ನೊಂದು ಸಲ ಶುದ್ಧಿ ಮಾಡಿದ್ರಾಯ್ತು" ಎಂದರು. ಅಕ್ಕ ಅವತ್ತು ಎಣ್ಣೆಯ ಲೋಟವನ್ನು ಮುಟ್ಟಲಿಲ್ಲ. ಎದ್ದು ಹೋಗಿ ಕೊಟ್ಟಿಗೆಯ ಸಗಣಿ ಬಾಚಿದಳು. ಶಾಲೆ ತೆರೆಯಿತು, ಮಳೆ ಹಿಡಿಯಿತು. ಇನ್ನೊಂದಿಷ್ಟು ದಿನ ಕಳೆದ ಮೇಲೆ ಗಡುವಿನೊಳಗೆ ಹಾಜರಾಗದ ಕಾರಣ ಆದೇಶ ರದ್ದಾಗಿದೆ ಎಂಬ ಕಾಗದ ಬಂತು. ಅದನ್ನು ಅವಳೇ ಓದಿ ಮಡಿಸಿಟ್ಟಳು.

ಮುಂದಿನ ಬೇಸಿಗೆಗೆ ಅವಳ ಮದುವೆಯಾಯಿತು, ಹೊಸನಗರದ ಕಡೆಗೆ. ಹುಡುಗಿ ನೋಡಲು ಬಂದವರೆದುರು ಚಿಕ್ಕಪ್ಪ ಹೇಳಿದ ಮಾತು ನನ್ನ ಡೈರಿಯಲ್ಲಿದೆ, ಇದರಲ್ಲಿ ನನಗೆ ಅನುಮಾನವಿಲ್ಲ. "ನಮ್ಮ ಹುಡುಗಿ ಮೈಯಾಗೆ ಒಂದು ಮಾತ್ರೆ ಇಲ್ಲ ನೋಡಿ. ಶುದ್ಧ." ದನ ಮಾರುವಾಗ ಹಲ್ಲು ತೋರಿಸುವವರೂ ಇಷ್ಟು ಹೆಮ್ಮೆಯಿಂದ ತೋರಿಸುವುದಿಲ್ಲ. ಬಂದವರು ಮೆಚ್ಚಿ ತಲೆಯಾಡಿಸಿದರು. ನಾನು ಅವರಿಗೆ ಬೆಲ್ಲದ ಪಾನಕ ಕೊಟ್ಟೆ, ಮನೆಯ ಕಪ್ಪು ಬೆಲ್ಲದ್ದು.

ಅಕ್ಕ ಅಲ್ಲಿ ಕಷ್ಟಪಟ್ಟಳು ಎಂದು ಬರೆದರೆ ಸುಳ್ಳಾಗುತ್ತದೆ. ಭಾವ ಒಳ್ಳೆಯವರು. ಮೊದಲ ಮಗು ಹೊಟ್ಟೆಯಲ್ಲಿದ್ದಾಗ ಮನೆಗೆ ಬರುತ್ತಿದ್ದ ನರ್ಸಮ್ಮ ಕೊಟ್ಟ ಅದೇ ಕಬ್ಬಿಣದ ಮಾತ್ರೆಗಳನ್ನು ಅವಳು ನುಂಗಿದಳು, ಕಪ್ಪಾದದ್ದಕ್ಕೆ ಯಾರೂ ಏನೂ ಅನ್ನಲಿಲ್ಲ, ರಕ್ತ ಏರಿತು. ಬೇರೆ ರೋಗ ಯಾವುದೂ ಅವಳಿಗಿರಲಿಲ್ಲ. ಇರಲೇ ಇಲ್ಲ. ನಾನು ಸಾಗರದ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದೆ. ತಿಂಗಳ ಮೊದಲ ದಿನ ಸಂಬಳದ ರಿಜಿಸ್ಟರಿಗೆ ಸಹಿ ಹಾಕುವಾಗ ಅಕ್ಕನ ನೆನಪಾಗದ ತಿಂಗಳಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ನಿಜವಲ್ಲ. ಕೆಲವು ತಿಂಗಳು ಆಗುತ್ತಿತ್ತು.

ಇಷ್ಟರಲ್ಲಿ ಇದು ಒಂದು ಮೂರ್ಖತನದ ಕತೆಯಾಗಿ ನನ್ನಲ್ಲಿ ಹಳತಾಗುತ್ತಿತ್ತು. ಪುಸ್ತಕ ನಂಬಿದ ಚಿಕ್ಕಪ್ಪ, ಕಾಗದ ಬರೆದ ನಾನು, ಮರ್ಯಾದೆಗೆ ಹೆದರಿದ ಅಕ್ಕ. ಎಲ್ಲರೂ ತಪ್ಪಿದೆವು, ಯಾರೂ ಬೇಕೆಂದು ಮಾಡಿದ್ದಲ್ಲ. ಹಾಗೆಂದು ನಂಬಿಕೊಂಡಿದ್ದೆ, ಭಾವ ಒಮ್ಮೆ ಕೆಲಸದ ಮೇಲೆ ಸಾಗರಕ್ಕೆ ಬಂದು ನನ್ನ ಮನೆಯಲ್ಲಿ ಊಟಕ್ಕೆ ಕೂರುವವರೆಗೆ. ಎಂಬತ್ತರ ದಶಕದ ನಡುವಿನಲ್ಲಿ. ಮಾತಿಗೆ ಮಾತು ಬಂದು, ಪೇಟೆಯ ಒಂದು ಕಟ್ಟಡದ ಮುಂದೆ ಹಾದುಬಂದ ವಿಷಯ ತೆಗೆದರು.

"ನಮ್ಮ ಮದುವೆ ಕುದುರಿದ್ದೇ ಅಲ್ಲಿ, ಗೊತ್ತುಂಟಾ? ನಿಮ್ಮ ಚಿಕ್ಕಪ್ಪಯ್ಯನೂ ನಮ್ಮ ಅಪ್ಪಯ್ಯನೂ ಶಿಬಿರದಾಗೆ ಒಟ್ಟಿಗೆ ಉಪವಾಸ ಕೂತವ್ರು. ಹಸಿದು ಹಸಿದು ದೋಸ್ತಿ ಆಗಿದ್ದು."

ನಾನು ನಗುತ್ತಲೇ ಇದ್ದೆ. ಭಾವ ಮಜ್ಜಿಗೆ ಹಾಕಿಸಿಕೊಳ್ಳುತ್ತ ಮುಂದುವರಿಸಿದರು.

"ನಿಮ್ಮಕ್ಕ ಕೆಲಸಕ್ಕೆ ಅರ್ಜಿ ಹಾಕ್ಯಾಳೆ ಅಂತ ಅಲ್ಲೇ ಹೇಳಿದ್ರಂತೆ. ನಮ್ಮ ಅಪ್ಪಯ್ಯ ಹಳೇ ಕಾಲದವ್ರು ನೋಡಿ. ಕೆಲಸ ಸಿಕ್ಕಿ ಹೋದ್ಲು ಅಂದ್ರೆ ಈ ಮಾತು ಇಲ್ಲಿಗೇ ಬಿಡಾಣ, ಮನೇಲಿದ್ರೆ ನೋಡಾಣ ಅಂದ್ರಂತೆ. ಆಮೇಲೆ ಹೆಂಗೂ ಸಿಗ್ಲಿಲ್ಲ. ನನ್ನ ಪುಣ್ಯ!"

ಅವರಿಗೆ ಸಿಗಲಿಲ್ಲ ಎಂದಷ್ಟೇ ಗೊತ್ತು. ಯಾಕೆ ಸಿಗಲಿಲ್ಲ ಎಂದು ಅಕ್ಕ ಗಂಡನಿಗೂ ಹೇಳಿರಲಿಲ್ಲ.

ಭಾವನ ನೆನಪೂ ನನ್ನದರಂತೆಯೇ ಹಿಂದುಮುಂದಾಗಿರಬಹುದು. ಅಪ್ಪನ ಬಾಯಿಂದ ಕೇಳಿದ್ದು, ಅವರ ತಂದೆ ಈಗಿಲ್ಲ. ಶಿಬಿರ ಮರುವರ್ಷವೂ ನಡೆದಿತ್ತು, ಚಿಕ್ಕಪ್ಪ ಅದಕ್ಕೂ ಹೋಗಿದ್ದರು. ಆ ಮಾತುಕತೆ ಮಾತ್ರೆ ಸುಟ್ಟ ಮೇಲಿನ ಎರಡನೆಯ ಶಿಬಿರದ್ದಾದರೆ ಚಿಕ್ಕಪ್ಪ ಮೂರ್ಖರು, ಅಷ್ಟೇ. ಮೊದಲನೆಯದಾದರೆ ನನಗೆ ಗೊತ್ತಿದ್ದ ಚಿಕ್ಕಪ್ಪನೇ ಬೇರೆ. ಅರ್ಜಿಯ ಮಾತು ಬಂದಿತ್ತು ಎಂದರೆ ಮೊದಲನೆಯದೇ ಇರಬೇಕು. ಆದರೆ ಕೆಲಸ ತಪ್ಪಿದ ಮೇಲೂ ಅಕ್ಕ ಇನ್ನೊಂದು ಅರ್ಜಿ ಹಾಕಿದ್ದಳೇ? ಕೇಳಿದರೆ, "ಹಾಕಿದ್ನೋ ಏನೋ, ಈಗ ಅದ್ಯಾಕೆ" ಎನ್ನುತ್ತಾಳೆ. ತಿಳಿದಿರುವವರು ಒಬ್ಬರೇ.

ಮುಂದಿನ ಭಾನುವಾರವೇ ಮೇಳಿಗೆಗೆ ಹೋದೆ. ಚಿಕ್ಕಪ್ಪ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಅಮ್ಮ ಒಳಗಿದ್ದಳು. ಕುಶಲ ವಿಚಾರಿಸಿದರು, ನನ್ನ ಕಾಲೇಜಿನ ಬಗ್ಗೆ ಹೆಮ್ಮೆಯಿಂದ ಕೇಳಿದರು. ನಾನು ನಿಂತೇ ಇದ್ದೆ. ಭಾವ ಹೇಳಿದ್ದನ್ನು ಹಾಗೇ ಹೇಳಿದೆ. ಪೇಪರು ಮಡಿಸಿದರು. "ಅವಳು ಚೆನ್ನಾಗಿದಾಳಲ್ಲ ಈಗ" ಎಂದರು. ಅದಲ್ಲ ನಾನು ಕೇಳುತ್ತಿರುವುದು ಎಂದೆ. ಒಳಗೆ ಅಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ಆಮೇಲೆ ಕೇಳಿದೆ. ಅಂದಿನಿಂದ ಹೋದಾಗಲೆಲ್ಲ ಚಿಕ್ಕಪ್ಪ ನನ್ನ ಜೊತೆ ಎಲ್ಲವನ್ನೂ ಮಾತಾಡುತ್ತಾರೆ, ಇದೊಂದನ್ನು ಬಿಟ್ಟು.

"ಚಿಕ್ಕಪ್ಪಯ್ಯ, ಅವತ್ತು ಬಚ್ಚಲೊಲೆ ಮುಂದೆ ನಿಂತಾಗ, ಅವಳ ಕರುಳು ಸುಡ್ತದೆ ಅಂತ ನಿಮಗೆ ನಿಜವಾಗಿ ಹೆದರಿಕೆ ಆಗಿತ್ತಾ, ಇಲ್ಲಾ ಅವಳು ನಿಟ್ಟೂರಿಗೆ ಹೋಗ್ತಾಳೆ ಅಂತ ಹೆದರಿಕೆ ಆಗಿತ್ತಾ?"